ಫೋನೂ ವೈ-ಫೈ 7, ರೌಟರೂ ವೈ-ಫೈ 7: ವೇಗ ಮಾತ್ರ ಯಾಕೆ ಹಳೆಯದೇ?

ವೈ-ಫೈ 7ಕ್ಕೆ ಆಧಾರವಾದ 802.11ಬಿಇ ಮಾನದಂಡವನ್ನು ತಾಂತ್ರಿಕ ಮಾನದಂಡ ರೂಪಿಸುವ ಐಇಇಇ ಸಂಸ್ಥೆ ಪ್ರಕಟಿಸಿದ್ದು 2025ರ ಜುಲೈನಲ್ಲಿ. ಆದರೆ ಉತ್ಪನ್ನಗಳಿಗೆ ‘ವೈ-ಫೈ 7’ ಪ್ರಮಾಣಪತ್ರ ಕೊಡುವ ಕೆಲಸವನ್ನು ಕಂಪನಿಗಳ ಒಕ್ಕೂಟವಾದ ವೈ-ಫೈ ಅಲಯನ್ಸ್ 2024ರ ಜನವರಿಯಲ್ಲೇ ಶುರು ಮಾಡಿತ್ತು. ಆ ಹೆಸರಿನ ಫೋನುಗಳು ಅದಕ್ಕೂ ಮೊದಲೇ ಅಂಗಡಿಯಲ್ಲಿದ್ದವು. ಇದರ ಬೆನ್ನಿಗೇ ವೈ-ಫೈ 8ರ ಸುದ್ದಿಯೂ ಬರತೊಡಗಿದೆ. ಹೀಗಿರುವಾಗ ಹೊಸ ಫೋನನ್ನು ಹೊಸ ರೌಟರಿಗೆ ಜೋಡಿಸಿದವರಿಗೆ ಸೆಟ್ಟಿಂಗ್ಸ್‌ನಲ್ಲಿ ‘ವೈ-ಫೈ 6’ ಎಂದು ಕಂಡರೆ, ಕೆಲವೊಮ್ಮೆ ‘ವೈ-ಫೈ 4’ ಎಂದೇ ಕಂಡರೆ, ಗೊಂದಲ ಸಹಜ. ಮನೆಯಲ್ಲಿರುವ ಹಳೆಯ ಫೋನಿನ ಪಟ್ಟಿಯಲ್ಲಿ ಹೊಸ ರೌಟರಿನ ಹೆಸರೇ ಇಲ್ಲದಿದ್ದರಂತೂ ಏನೋ ಕೆಟ್ಟಿದೆ ಎಂದೇ ಅನಿಸುತ್ತದೆ.

ಹೆಚ್ಚಿನ ಸಂದರ್ಭಗಳಲ್ಲಿ ಏನೂ ಕೆಟ್ಟಿರುವುದಿಲ್ಲ. ಡಬ್ಬದ ಮೇಲಿನ ಅಂಕಿಯನ್ನು ನಾವು ಓದುವ ಬಗೆಯಲ್ಲಿ ತಪ್ಪಿದೆ.

ಅಂಕಿ ಹೇಳುವುದು ತಲೆಮಾರನ್ನು, ತಾಕತ್ತನ್ನಲ್ಲ

802.11ಎನ್, 802.11ಎಸಿ, 802.11ಎಎಕ್ಸ್ ಎಂಬ ಹೆಸರುಗಳು ಜನರ ಬಾಯಿಗೆ ಹತ್ತುವುದಿಲ್ಲವೆಂದು 2018ರಲ್ಲಿ ವೈ-ಫೈ ಅಲಯನ್ಸ್ ಅವಕ್ಕೆ ಕ್ರಮವಾಗಿ 4, 5, 6 ಎಂಬ ಅಂಕಿ ಕೊಟ್ಟಿತು. ನೆನಪಿಡಲು ಸುಲಭವಾಯಿತು, ನಿಜ. ಆದರೆ ಒಂದು ಅಂಕಿಯ ಅಡಿಯಲ್ಲಿ ಹತ್ತಾರು ಸೌಲಭ್ಯಗಳಿವೆ, ಅವುಗಳಲ್ಲಿ ಹಲವು ಐಚ್ಛಿಕ ಎಂಬ ಸಂಗತಿ ಆ ಅಂಕಿಯ ಹಿಂದೆ ಮರೆಯಾಯಿತು.

ವೈ-ಫೈ 7ರ ಜಾಹೀರಾತುಗಳಲ್ಲಿ ಮೊದಲು ಕಾಣುವುದು 320 ಮೆಗಾಹರ್ಟ್ಸ್ ಅಗಲದ ಚಾನೆಲ್, ಅಂದರೆ ಡೇಟಾ ಹರಿಯುವ ರೇಡಿಯೊ ದಾರಿ. ಫೋನಿಗೆ ಅದು ಕಡ್ಡಾಯವಲ್ಲ. ಐಫೋನ್ 16 ಸರಣಿ ವೈ-ಫೈ 7 ಫೋನೇ, ಆದರೆ ಅದರ ಚಾನೆಲ್ ಅಗಲ 160 ಮೆಗಾಹರ್ಟ್ಸ್‌ಗೆ ನಿಲ್ಲುತ್ತದೆ. ರೌಟರಿನ ಕಡೆಯೂ ಇದೇ ಕಥೆ. 6 ಗಿಗಾಹರ್ಟ್ಸ್ ರೇಡಿಯೊ ಇಲ್ಲದೆ, ಬರೀ 2.4 ಮತ್ತು 5 ಗಿಗಾಹರ್ಟ್ಸ್ ಬ್ಯಾಂಡ್‌ಗಳನ್ನು (ರೇಡಿಯೊ ಅಲೆಗಳ ಪಟ್ಟಿಗಳನ್ನು) ಇಟ್ಟುಕೊಂಡೇ ‘ವೈ-ಫೈ 7’ ಎನಿಸಿಕೊಂಡ ಡ್ಯುಯಲ್-ಬ್ಯಾಂಡ್ ರೌಟರುಗಳು ಬೇಕಾದಷ್ಟಿವೆ. 320 ಮೆಗಾಹರ್ಟ್ಸ್ ಚಾನೆಲ್ ಇರುವುದು 6 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಮಾತ್ರವಾದ್ದರಿಂದ ಈ ರೌಟರುಗಳಲ್ಲಿ ಅದು ಎಂದಿಗೂ ಬರುವಂತಿಲ್ಲ.

ಫೋನ್ ಮತ್ತು ರೌಟರ್ ಜೊತೆಗೂಡುವಾಗ ಎರಡೂ ತಮಗೆ ಏನೇನು ಬರುತ್ತದೆ ಎಂಬ ಪಟ್ಟಿಯನ್ನು ಮುಂದಿಡುತ್ತವೆ. ಬ್ಯಾಂಡ್ ಯಾವುದು, ಚಾನೆಲ್ ಎಷ್ಟು ಅಗಲ, ಆಂಟೆನಾ ಎಷ್ಟು, ಭದ್ರತೆ ಯಾವ ಬಗೆಯದು ಎಂದು ಒಂದೊಂದೇ ವಿಷಯ ತೆಗೆದುಕೊಂಡು, ಇಬ್ಬರಿಗೂ ಒಗ್ಗುವುದನ್ನು ಆರಿಸಿಕೊಳ್ಳುತ್ತವೆ. ಒಂದು ವಿಷಯದಲ್ಲಿ ರೌಟರ್ ಹಿಂದುಳಿದಿರಬಹುದು, ಇನ್ನೊಂದರಲ್ಲಿ ಫೋನ್. ಅಂತಿಮ ಸಂಪರ್ಕಕ್ಕೆ ಎರಡೂ ಕಡೆಯ ಕೊರತೆಗಳು ಕೂಡಿಕೊಳ್ಳುತ್ತವೆ.

ಇನ್ನೊಂದು ಗೊಂದಲ ಹುಟ್ಟುವುದು ವೈ-ಫೈ 5ರಿಂದ. 802.11ಎಸಿ ಮಾನದಂಡ 2.4 ಗಿಗಾಹರ್ಟ್ಸ್ ಬ್ಯಾಂಡಿಗೆ ಅನ್ವಯಿಸುವುದೇ ಇಲ್ಲ. ಹಾಗಾಗಿ ವೈ-ಫೈ 5 ಫೋನ್ 2.4ರಲ್ಲಿ ಸೇರಿದರೆ ಅದು ವೈ-ಫೈ 4 ಸಂಪರ್ಕ. ಫೋನು ಕೆಟ್ಟು ಹಿಂದಕ್ಕೆ ಹೋಗಿದ್ದಲ್ಲ.

ಲಿಂಕ್ ಸ್ಪೀಡ್ ಓದಿದರೆ ಅರ್ಧ ಉತ್ತರ ಸಿಗುತ್ತದೆ

ಆಂಡ್ರಾಯ್ಡ್ ಫೋನುಗಳಲ್ಲಿ ಸೇರಿಕೊಂಡ ವೈ-ಫೈ ಹೆಸರಿನ ಪಕ್ಕದ ಗಿಯರ್ ಗುರುತು ಒತ್ತಿದರೆ ಸಾಮಾನ್ಯವಾಗಿ ‘ಲಿಂಕ್ ಸ್ಪೀಡ್’ (ಫೋನ್ ಮತ್ತು ರೌಟರ್ ನಡುವಿನ ವೇಗ) ಮತ್ತು ‘ಫ್ರೀಕ್ವೆನ್ಸಿ’ (ಬ್ಯಾಂಡ್) ಕಾಣುತ್ತವೆ. ಫೋನಿನಲ್ಲಿ ಇವು ಸಿಗದಿದ್ದರೆ ರೌಟರಿನ ಪುಟದಲ್ಲಿ, ಜೋಡಿಸಿದ ಸಾಧನಗಳ ಪಟ್ಟಿಯಲ್ಲಿ ನೋಡಬಹುದು. ರೌಟರ್ ಇರುವ ಕೋಣೆಯಲ್ಲೇ ನಿಂತು, ಒಂದು ದೊಡ್ಡ ಫೈಲ್ ಡೌನ್‌ಲೋಡ್ ಆಗುತ್ತಿರುವಾಗ ನೋಡಬೇಕು. ಸುಮ್ಮನಿರುವ ಫೋನ್ ಬ್ಯಾಟರಿ ಉಳಿಸಲು ಈ ವೇಗವನ್ನು ತಾನೇ ಇಳಿಸಿರಬಹುದು.

ಈ ಅಂಕಿಗಳು ಲೆಕ್ಕಾಚಾರದಿಂದ ಬರುವಂಥವು, ಆದ್ದರಿಂದ ಗುರುತು ಹಿಡಿಯುವುದು ಸುಲಭ. 433 ಎಂಬಿಪಿಎಸ್ ಎಂದಿದ್ದರೆ ವೈ-ಫೈ 5, 80 ಮೆಗಾಹರ್ಟ್ಸ್, ಒಂದೇ ಆಂಟೆನಾ. 866 ಎಂದಿದ್ದರೆ ಅದೇ ಸಂಪರ್ಕ ಎರಡು ಆಂಟೆನಾಗಳಲ್ಲಿ. 1201 ಎಂದರೆ ವೈ-ಫೈ 6, 80 ಮೆಗಾಹರ್ಟ್ಸ್, ಎರಡು ಆಂಟೆನಾ. ಚಾನೆಲ್ 160ಕ್ಕೆ ಹಿಗ್ಗಿದರೆ 2402. ವೈ-ಫೈ 7ರಲ್ಲಿ 80ಕ್ಕೆ 1441, 160ಕ್ಕೆ 2882, 320ಕ್ಕೆ 5765. ಮೂರಂಕಿಯಲ್ಲಿ 144 ಅಥವಾ 287 ಕಂಡರೆ ಫೋನ್ 2.4 ಗಿಗಾಹರ್ಟ್ಸ್‌ನಲ್ಲಿ ಕುಳಿತಿದೆ ಎಂದು ಬಹುಮಟ್ಟಿಗೆ ಹೇಳಬಹುದು.

ಇಲ್ಲಿ ಒಂದು ವಿಷಯ ಗಮನಿಸಿ. 160 ಮೆಗಾಹರ್ಟ್ಸ್‌ನಲ್ಲಿ ವೈ-ಫೈ 6 ಕೊಡುವುದು 2402, ವೈ-ಫೈ 7 ಕೊಡುವುದು 2882. ಹೆಚ್ಚಳ ಐದರಲ್ಲೊಂದು ಪಾಲು, ಅಷ್ಟೇ. ಅದೂ ಬರುವುದು 4096-ಕ್ವಾಮ್ ಎಂಬ ತಂತ್ರದಿಂದ. ಒಂದು ಸಂಕೇತದಲ್ಲಿ 10 ಬಿಟ್‌ಗಳ ಬದಲು 12 ಬಿಟ್‌ಗಳನ್ನು ತುರುಕುವುದು ಇದರ ಕೆಲಸ. ಸಂಕೇತಗಳು ಅಷ್ಟು ಒತ್ತೊತ್ತಾಗಿದ್ದಾಗ ಒಂದರಿಂದ ಇನ್ನೊಂದನ್ನು ಬಿಡಿಸಿ ಓದಲು ಸಿಗ್ನಲ್ ತೀರಾ ಶುದ್ಧವಾಗಿರಬೇಕು. ರೌಟರ್ ಕಣ್ಣೆದುರೇ, ಕೆಲವೇ ಮೀಟರ್ ದೂರದಲ್ಲಿದ್ದರೆ ಇದು ಸಾಧ್ಯ. ನಡುವೆ ಒಂದು ಗೋಡೆ ಬಂದರೂ ಈ ಲಾಭ ಹೋಯಿತೆಂದೇ ಲೆಕ್ಕ. ನಿಜವಾದ ಜಿಗಿತ ಕೊಡುವುದು ಚಾನೆಲ್ ಅಗಲ ಮಾತ್ರ.

ಲಿಂಕ್ ಸ್ಪೀಡ್ ಪೂರ್ತಿ ಕೈಗೆ ಬರುವುದೂ ಇಲ್ಲ. ಸರದಿ ಕಾಯುವಿಕೆ, ಸ್ವೀಕೃತಿ ಸಂದೇಶ, ಮರುರವಾನೆ ಇವೆಲ್ಲ ಕಳೆದು ಅರ್ಧದಿಂದ ಮೂರನೇ ಎರಡು ಭಾಗ ಉಳಿದರೆ ಒಳ್ಳೆಯ ಸಂಪರ್ಕ. ಜೊತೆಗೆ ರೌಟರಿನ ಹಿಂದಿನ ಕೇಬಲ್ ಪೋರ್ಟ್ 1 ಗಿಗಾಬಿಟ್‌ನದಾಗಿದ್ದರೆ ಇಂಟರ್‌ನೆಟ್ ವೇಗ ಸುಮಾರು 940 ಎಂಬಿಪಿಎಸ್‌ಗೆ ನಿಲ್ಲುತ್ತದೆ. ಆಗ ಗಾಳಿಯಲ್ಲಿ 5765 ಇದ್ದರೂ ಸ್ಪೀಡ್ ಟೆಸ್ಟ್‌ನಲ್ಲಿ ಅದು ಕಾಣುವುದಿಲ್ಲ.

6 ಗಿಗಾಹರ್ಟ್ಸ್ ಜಗಳ

ಅಗಲ ಚಾನೆಲ್ ಬೇಕೆಂದರೆ ಜಾಗ ಬೇಕು. ಆ ಜಾಗದ ಬಗ್ಗೆಯೇ ದೇಶದೇಶಗಳ ನಡುವೆ ಒಮ್ಮತವಿಲ್ಲ.

ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ 2020ರ ಏಪ್ರಿಲ್‌ನಲ್ಲಿ ವೈ-ಫೈನಂಥ ಬಳಕೆಗೆ 5925ರಿಂದ 7125ರವರೆಗಿನ 1200 ಮೆಗಾಹರ್ಟ್ಸ್ ಅನ್ನು ಒಟ್ಟಿಗೇ ಪರವಾನಗಿಮುಕ್ತ ಮಾಡಿತು. ಯುರೋಪಿಯನ್ ಒಕ್ಕೂಟ 2021ರಲ್ಲಿ ಕೆಳಗಿನ 480 ಮೆಗಾಹರ್ಟ್ಸ್ ಮಾತ್ರ ಬಿಟ್ಟುಕೊಟ್ಟಿತು. ಭಾರತದ ದೂರಸಂಪರ್ಕ ಇಲಾಖೆ 2025ರ ಮೇ ತಿಂಗಳಲ್ಲಿ ಹೊರಡಿಸಿದ ಕರಡು ನಿಯಮಗಳೂ 5925ರಿಂದ 6425ರವರೆಗಿನ ಕೆಳಭಾಗಕ್ಕೇ ಸಂಬಂಧಿಸಿದ್ದವು. ಚೀನಾ 2023ರಲ್ಲಿ ಮೇಲಿನ 700 ಮೆಗಾಹರ್ಟ್ಸ್ ಅನ್ನು ಮೊಬೈಲ್ ಸೇವೆಗೆ ಗೊತ್ತುಪಡಿಸಿತು. ಅದೇ ವರ್ಷದ ಕೊನೆಗೆ ದುಬೈನಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನವೂ ಯುರೋಪ್, ಆಫ್ರಿಕಾ, ಪಶ್ಚಿಮ ಏಷ್ಯಾ ಸೇರಿದ ಪ್ರದೇಶಕ್ಕೆ ಇದೇ ಮೇಲ್ಭಾಗವನ್ನು ಮೊಬೈಲ್ ಬಳಕೆಗೆ ಗುರುತಿಸಿತು.

ಮೊಬೈಲ್ ಕಂಪನಿಗಳ ವಾದ ಹೀಗೆ: ಮಧ್ಯಮ ಬ್ಯಾಂಡ್‌ನಲ್ಲಿ ಇಷ್ಟು ದೊಡ್ಡ ಅಖಂಡ ಜಾಗ ಬೇರೆಲ್ಲೂ ಉಳಿದಿಲ್ಲ, ಮುಂದಿನ ತಲೆಮಾರಿನ ಮೊಬೈಲ್ ಸೇವೆಗೆ ಇದು ಬೇಕೇ ಬೇಕು. ಹರಾಜಿನ ಆದಾಯ ಸರ್ಕಾರಕ್ಕೂ ಬೇಕಿರುತ್ತದೆ. ಚಿಪ್ ಮತ್ತು ರೌಟರ್ ತಯಾರಕರು ಕೇಳುವುದು ಬೇರೆಯೇ: ಡೇಟಾದ ದೊಡ್ಡ ಪಾಲು ಖರ್ಚಾಗುವುದು ಮನೆ, ಕಚೇರಿಗಳ ಒಳಗೆ, ಅದು ಹರಿಯುವುದು ವೈ-ಫೈನಲ್ಲಿ; ಅರ್ಧ ಬ್ಯಾಂಡ್ ಕೊಟ್ಟು ವೈ-ಫೈ 7 ಓಡಲಿ ಎಂದರೆ ಹೇಗೆ?

ಅಂಕಿ ನೋಡಿದರೆ ಎರಡನೆಯವರ ಅಳಲು ಅರ್ಥವಾಗುತ್ತದೆ. 1200 ಮೆಗಾಹರ್ಟ್ಸ್ ಇದ್ದಲ್ಲಿ ಒಂದರ ಮೇಲೊಂದು ಬೀಳದಂತೆ 160ರ 7 ಚಾನೆಲ್, 320ರ 3 ಚಾನೆಲ್ ಹಾಕಬಹುದು. 480 ಅಥವಾ 500 ಇದ್ದಲ್ಲಿ 160ರ ಚಾನೆಲ್ 3, 320ರದು ಒಂದೇ ಒಂದು. ಮಹಡಿ ಮನೆಗಳ ಸಮುಚ್ಚಯದಲ್ಲಿ ಪ್ರತಿಯೊಬ್ಬರೂ ಆ ಒಂದೇ ಚಾನೆಲ್ ಹಿಡಿದರೆ ಎಲ್ಲರೂ ಸರದಿಯಲ್ಲಿ ಕಾಯಬೇಕು. ಅಂಥಲ್ಲಿ 320 ಮೆಗಾಹರ್ಟ್ಸ್ ಇರುವ ಫೋನಿಗೂ 160ಕ್ಕೆ ನಿಂತ ಫೋನಿಗೂ ನಿತ್ಯದ ಬಳಕೆಯಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. 320 ಇಲ್ಲವೆಂದು ಒಂದು ಫೋನನ್ನು ತಳ್ಳಿಹಾಕುವವರು ಮೊದಲು ತಮ್ಮ ದೇಶದ ನಿಯಮ ನೋಡುವುದು ಲೇಸು.

ಇದರ ಪರಿಣಾಮ ಫೋನಿನ ತಂತ್ರಾಂಶದ ಮೇಲೂ ಆಗುತ್ತದೆ. ಯಾವ ಚಾನೆಲ್‌ನಲ್ಲಿ ಮಾತಾಡಬಹುದು ಎಂಬುದನ್ನು ಫೋನ್ ದೇಶದ ಕೋಡ್ ನೋಡಿ ತೀರ್ಮಾನಿಸುತ್ತದೆ. ಆ ಕೋಡ್ ಮೊಬೈಲ್ ನೆಟ್‌ವರ್ಕಿನಿಂದಲೋ ಸುತ್ತಲಿನ ರೌಟರುಗಳ ಪ್ರಸಾರದಿಂದಲೋ ಬರುತ್ತದೆ. ಯಂತ್ರಾಂಶ ಇದ್ದೂ ನಿಯಮ ಬಿಡದಿದ್ದರೆ 6 ಗಿಗಾಹರ್ಟ್ಸ್ ರೇಡಿಯೊ ಬಾಯಿ ಮುಚ್ಚಿಕೊಂಡಿರುತ್ತದೆ. ಹಳೆಯ 2.4 ಬ್ಯಾಂಡಿನಲ್ಲೂ ಈ ತೊಂದರೆ ಇದ್ದದ್ದೇ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಎಷ್ಟೋ ಸಾಧನಗಳು 12 ಮತ್ತು 13ನೇ ಚಾನೆಲ್‌ಗಳನ್ನು ನೋಡುವುದಿಲ್ಲ. ರೌಟರ್ ‘ಆಟೊ’ದಲ್ಲಿದ್ದು 13ಕ್ಕೆ ಜಾರಿದ ದಿನ ಅಂಥ ಸಾಧನದ ಪಾಲಿಗೆ ವೈ-ಫೈ ಮಾಯ.

ಶಕ್ತಿಯ ಮಿತಿಯೂ ಇದೆ. ಯುರೋಪಿನಲ್ಲಿ 6 ಗಿಗಾಹರ್ಟ್ಸ್ ಸಾಧನ ಒಳಾಂಗಣದಲ್ಲಿ 200 ಮಿಲಿವಾಟ್, ಹೊರಗೆ 25 ಮಿಲಿವಾಟ್ ಮೀರುವಂತಿಲ್ಲ. ಅಮೆರಿಕದ ಒಳಾಂಗಣ ನಿಯಮದಲ್ಲಿ ಫೋನಿಗೆ ಸಿಗುವುದು ರೌಟರಿಗಿರುವ ಶಕ್ತಿಯ ಕಾಲು ಪಾಲು. ರೌಟರ್ ಹೇಳಿದ್ದು ಫೋನಿಗೆ ಕೇಳಿದರೂ ಫೋನಿನ ಉತ್ತರ ರೌಟರಿಗೆ ಮುಟ್ಟದ ದೂರ ಬೇಗ ಬರುತ್ತದೆ. ಎರಡನೇ ಕೋಣೆ ದಾಟುತ್ತಲೇ ಫೋನ್ 5 ಗಿಗಾಹರ್ಟ್ಸ್‌ಗೆ ಇಳಿದರೆ ಅದು ಸರಿಯಾದ ನಡೆಯೇ.

ಪಾಸ್‌ವರ್ಡ್ ಸರಿ, ಆದರೂ ಒಳಗೆ ಬಿಡದು

ಹೊಂದಾಣಿಕೆಯ ದೂರುಗಳಲ್ಲಿ ಹಲವು ವೇಗಕ್ಕೆ ಸಂಬಂಧಿಸಿದ್ದಲ್ಲ, ಭದ್ರತೆಗೆ ಸಂಬಂಧಿಸಿದ್ದು. 6 ಗಿಗಾಹರ್ಟ್ಸ್‌ನಲ್ಲಿ ವೈ-ಫೈ ಭದ್ರತೆಯ ಹಳೆಯ ವಿಧಾನವಾದ ಡಬ್ಲ್ಯುಪಿಎ2ಗೆ ಪ್ರವೇಶವಿಲ್ಲ. ಪಾಸ್‌ವರ್ಡ್ ಇರುವ ನೆಟ್‌ವರ್ಕಿಗೆ ಹೊಸ ವಿಧಾನವಾದ ಡಬ್ಲ್ಯುಪಿಎ3 ಕಡ್ಡಾಯ. ಎರಡು ಬ್ಯಾಂಡ್‌ಗಳಿಗೆ ಒಟ್ಟಿಗೇ ಸೇರುವ ವೈ-ಫೈ 7ರ ಮಲ್ಟಿ-ಲಿಂಕ್ ಸೌಲಭ್ಯಕ್ಕೂ ಅದೇ ಷರತ್ತು. ರೌಟರನ್ನು ಡಬ್ಲ್ಯುಪಿಎ2ರಲ್ಲೇ ಉಳಿಸಿಕೊಂಡಾಗ ವೈ-ಫೈ 7 ಫೋನ್ ವೈ-ಫೈ 6 ಆಗಿ ಸೇರುವುದಕ್ಕೆ ಅನೇಕ ಕಡೆ ಇದೇ ಕಾರಣ.

ಐಫೋನ್ 7 ಮತ್ತು ನಂತರದವಕ್ಕೆ ಐಒಎಸ್ 13ರಿಂದ, ಆಂಡ್ರಾಯ್ಡ್‌ಗೆ 10ನೇ ಆವೃತ್ತಿಯಿಂದ ಡಬ್ಲ್ಯುಪಿಎ3 ಬಂದಿದೆ. ಆಂಡ್ರಾಯ್ಡ್‌ನಲ್ಲಿ ಚಿಪ್ ಮತ್ತು ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಕೂಡ ಒಪ್ಪಬೇಕು. ಅದಕ್ಕಿಂತ ಹಳೆಯ ಫೋನುಗಳಿಗೆಂದು ರೌಟರುಗಳಲ್ಲಿ ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಎಂಬ ಮಿಶ್ರ ವಿಧಾನ ಇರುತ್ತದೆ. ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಬಲ್ಲವರು 3ರಲ್ಲಿ, ಬಾರದವರು 2ರಲ್ಲಿ.

ಭದ್ರತಾ ತಜ್ಞರಿಗೆ ಈ ಮಿಶ್ರಣ ಹಿಡಿಸುವುದಿಲ್ಲ. ಡಬ್ಲ್ಯುಪಿಎ2 ಸಂಪರ್ಕದ ಆರಂಭಿಕ ಸಂದೇಶಗಳನ್ನು ಯಾರಾದರೂ ಸೆರೆಹಿಡಿದರೆ ಮನೆಗೆ ಕೊಂಡೊಯ್ದು ಬಿಡುವಾಗಿ ಪಾಸ್‌ವರ್ಡ್ ಊಹಿಸುತ್ತ ಕೂರಬಹುದು. ಡಬ್ಲ್ಯುಪಿಎ3 ತಡೆಯುವುದು ಅದನ್ನೇ. ಮಿಶ್ರ ವಿಧಾನದಲ್ಲಿ ಎರಡಕ್ಕೂ ಒಂದೇ ಪಾಸ್‌ವರ್ಡ್ ಆದ್ದರಿಂದ ದುರ್ಬಲ ಬಾಗಿಲಿನಿಂದ ಸಿಕ್ಕಿದ ಕೀಲಿ ಗಟ್ಟಿ ಬಾಗಿಲಿಗೂ ಹೊಂದುತ್ತದೆ. ಗ್ರಾಹಕ ಸೇವೆಯವರ ಮಾತು ಇದಕ್ಕೆ ತದ್ವಿರುದ್ಧ: ಬರೀ ಡಬ್ಲ್ಯುಪಿಎ3 ಇಟ್ಟರೆ ಮನೆಯ ಅರ್ಧ ಸಾಧನಗಳು ಹೊರಗೆ ನಿಲ್ಲುತ್ತವೆ, ದೂರು ತಮ್ಮ ತಲೆಗೆ ಬರುತ್ತದೆ. ಮನೆಯ ಮಟ್ಟಿಗೆ ಎರಡನೆಯವರ ದಾರಿಯೇ ವ್ಯಾವಹಾರಿಕ, ಪಾಸ್‌ವರ್ಡ್ 16 ಅಕ್ಷರಕ್ಕಿಂತ ಉದ್ದವಿದ್ದು ನಿಘಂಟಿನ ಪದವಾಗಿರದಿದ್ದರೆ. ಕಚೇರಿಗೆ ಈ ರಿಯಾಯಿತಿ ಸಲ್ಲದು.

ಮಿಶ್ರ ವಿಧಾನವೂ ಎಲ್ಲರಿಗೂ ಆಗಿಬರುವುದಿಲ್ಲ. ರೌಟರ್ ಪ್ರತಿ ಸೆಕೆಂಡಿಗೆ ಸುಮಾರು ಹತ್ತು ಸಲ ‘ಬೀಕನ್’ ಎಂಬ ಕಿರುಸಂದೇಶ ಬಿತ್ತರಿಸುತ್ತದೆ. ತನ್ನ ಹೆಸರು, ಭದ್ರತೆ, ಸಾಮರ್ಥ್ಯಗಳು ಅದರಲ್ಲಿ ಸಾಲಾಗಿ ಇರುತ್ತವೆ. ಅರ್ಥವಾಗದ ಸಾಲು ಬಂದರೆ ಅದನ್ನು ದಾಟಿ ಮುಂದೆ ಓದಬೇಕು ಎಂಬುದು ನಿಯಮ. ಆದರೆ ಕೆಲವು ಹಳೆಯ ಡ್ರೈವರುಗಳು ಅಪರಿಚಿತ ಸಾಲು ಕಂಡೊಡನೆ ಇಡೀ ಬೀಕನ್ನನ್ನೇ ಬಿಸಾಡುತ್ತವೆ. ವೈ-ಫೈ 6 ರೌಟರುಗಳು ಬಂದ ಹೊಸತರಲ್ಲಿ ಕೆಲವು ಹಳೆಯ ಲ್ಯಾಪ್‌ಟಾಪುಗಳ ಪಟ್ಟಿಯಲ್ಲಿ ಆ ನೆಟ್‌ವರ್ಕ್ ಕಾಣದೇ ಹೋದದ್ದು, ಡ್ರೈವರ್ ಹೊಸದು ಮಾಡಿದ ಮೇಲೆ ಕಂಡದ್ದು ಇದೇ ಕಾರಣಕ್ಕೆ. ಲ್ಯಾಪ್‌ಟಾಪಿಗಾದರೆ ಹೊಸ ಡ್ರೈವರ್ ಹಾಕಿಕೊಳ್ಳಬಹುದು. ಅಪ್‌ಡೇಟ್ ನಿಂತುಹೋದ ಫೋನಿಗೆ, ಗೋಡೆಯ ಸ್ಮಾರ್ಟ್ ಪ್ಲಗ್‌ಗೆ ಆ ಭಾಗ್ಯವಿಲ್ಲ, ರೌಟರೇ ಬಗ್ಗಬೇಕು.

ಮಲ್ಟಿ-ಲಿಂಕ್: ಎರಡು ರಸ್ತೆ, ಒಂದೇ ಗಾಡಿ

5 ಮತ್ತು 6 ಗಿಗಾಹರ್ಟ್ಸ್ ಎರಡರಲ್ಲೂ ಏಕಕಾಲಕ್ಕೆ ಸೇರಿಕೊಳ್ಳುವ ಮಲ್ಟಿ-ಲಿಂಕ್ ವೈ-ಫೈ 7ರ ನಿಜವಾದ ಹೊಸತನ. ಎರಡರ ವೇಗ ಕೂಡಿ ಒಂದು ದೊಡ್ಡ ಮೊತ್ತ ಸಿಗುತ್ತದೆ ಎಂಬಂತೆ ಇದನ್ನು ಮಾರಲಾಗುತ್ತದೆ. ಫೋನಿನಲ್ಲಿ ಹಾಗಾಗುವುದು ಅಪರೂಪ. ಅಂಗೈಯಗಲದ ಡಬ್ಬಿಯಲ್ಲಿ ಎರಡು ರೇಡಿಯೊಗಳ ನಡುವೆ ಕೆಲವೇ ಸೆಂಟಿಮೀಟರ್ ಅಂತರ. ಒಂದು ಪ್ರಸಾರ ಮಾಡುವಾಗ ಪಕ್ಕದ್ದಕ್ಕೆ ಕಿವಿ ಕಿವುಡಾಗುತ್ತದೆ, ಅದರಲ್ಲೂ 5ರ ಮೇಲ್ತುದಿಯೂ 6ರ ಕೆಳತುದಿಯೂ ಒಂದಕ್ಕೊಂದು ಅಂಟಿಕೊಂಡಿರುವಾಗ. ಆದ್ದರಿಂದ ಫೋನುಗಳು ಬಹುಪಾಲು ಎರಡೂ ಕಡೆ ಕಿವಿ ಇಟ್ಟು, ಯಾವುದು ಖಾಲಿ ಇದೆಯೋ ಅದರಲ್ಲಿ ಮಾತಾಡುವ ವಿಧಾನ ಹಿಡಿಯುತ್ತವೆ.

ಇದರಿಂದ ಸ್ಪೀಡ್ ಟೆಸ್ಟ್ ಅಂಕಿ ಏರುವುದಿಲ್ಲ. ವಿಡಿಯೊ ಕರೆ ನಡುನಡುವೆ ತಡವರಿಸುವುದು, ಆಟದಲ್ಲಿ ಹಠಾತ್ ಎಳೆತ, ಇವು ಕಡಿಮೆಯಾಗುತ್ತವೆ. ಫೋನಿನ ಮಟ್ಟಿಗೆ 320 ಮೆಗಾಹರ್ಟ್ಸ್‌ಗಿಂತ ಇದೇ ಬೆಲೆಬಾಳುವ ಸೌಲಭ್ಯ. ಆದರೆ ಜಾಹೀರಾತಿನಲ್ಲಿ ಹಾಕಲು ಇದಕ್ಕೊಂದು ದೊಡ್ಡ ಅಂಕಿ ಇಲ್ಲ.

ರೌಟರಿನಲ್ಲಿ ಏನು ಬದಲಿಸಬೇಕು

2.4 ಗಿಗಾಹರ್ಟ್ಸ್‌ಗೆ ಚಾನೆಲ್ ಅಗಲ 20 ಮೆಗಾಹರ್ಟ್ಸ್, ಚಾನೆಲ್ 1, 6 ಅಥವಾ 11. ಭದ್ರತೆ ಮಿಶ್ರ ವಿಧಾನದಲ್ಲಿರಲಿ, ಪಿಎಂಎಫ್ (ನಿರ್ವಹಣಾ ಸಂದೇಶಗಳ ರಕ್ಷಣೆ) ಎಂಬ ಆಯ್ಕೆ ‘ಕಡ್ಡಾಯ’ದಲ್ಲಿದ್ದರೆ ‘ಐಚ್ಛಿಕ’ಕ್ಕೆ ತನ್ನಿ. ಆಗಲೂ ಹಳೆಯ ಸಾಧನ ಸೇರದಿದ್ದರೆ ಇಡೀ ಮನೆಯ ಭದ್ರತೆ ಇಳಿಸುವ ಬದಲು 2.4ರಲ್ಲಿ ಮಾತ್ರ ನಡೆಯುವ, ಬರೀ ಡಬ್ಲ್ಯುಪಿಎ2 ಇರುವ ಅತಿಥಿ ನೆಟ್‌ವರ್ಕ್ ಮಾಡಿ ಅದಕ್ಕೆ ಸೇರಿಸಿ. ಬೇರೆ ಪಾಸ್‌ವರ್ಡ್ ಕೊಡುವುದನ್ನು ಮರೆಯಬಾರದು.

5 ಗಿಗಾಹರ್ಟ್ಸ್‌ನಲ್ಲಿ 80 ಮೆಗಾಹರ್ಟ್ಸ್ ನೆಮ್ಮದಿಯ ಆಯ್ಕೆ. 160 ಹಾಕಿದರೆ ಸಾಮಾನ್ಯವಾಗಿ 36ರಿಂದ 64ರವರೆಗಿನ ಚಾನೆಲ್‌ಗಳು ಬೇಕಾಗುತ್ತವೆ, ಅವುಗಳಲ್ಲಿ ಅರ್ಧ ರೇಡಾರ್‌ಗಳೊಂದಿಗೆ ಹಂಚಿಕೊಂಡ ಜಾಗ. ಅಲ್ಲಿ ಬಾಯಿ ತೆರೆಯುವ ಮೊದಲು ರೌಟರ್ 60 ಸೆಕೆಂಡ್ ಸುಮ್ಮನೆ ಆಲಿಸಬೇಕು. ರೇಡಾರ್ ಸದ್ದು ಕೇಳಿದರೆ 10 ಸೆಕೆಂಡಿನೊಳಗೆ ಜಾಗ ಖಾಲಿ ಮಾಡಿ 30 ನಿಮಿಷ ಅತ್ತ ಸುಳಿಯಬಾರದು. ಕರೆಂಟ್ ಹೋಗಿ ಬಂದಾಗ 2.4 ಬೇಗ ಕಾಣಿಸಿ, 5 ಒಂದು ನಿಮಿಷ ತಡವಾಗಿ ಕಾಣುವುದು ಇದರಿಂದ. ಅಷ್ಟರಲ್ಲಿ 2.4ಕ್ಕೆ ಸೇರಿದ ಫೋನ್ ಅಲ್ಲೇ ಕುಳಿತುಬಿಟ್ಟಿರುತ್ತದೆ. ಫೋನಿನಲ್ಲಿ ವೈ-ಫೈ ಆರಿಸಿ ಹಾಕಿದರೆ ಸಾಕು.

6 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಇಡಬೇಡಿ. 59 ಚಾನೆಲ್‌ಗಳನ್ನು ಒಂದೊಂದಾಗಿ ಹುಡುಕುತ್ತ ಹೋದರೆ ಫೋನಿನ ಬ್ಯಾಟರಿ ಉಳಿಯದು. ಅದಕ್ಕೇ 2.4 ಮತ್ತು 5ರ ಬೀಕನ್‌ಗಳಲ್ಲಿ ‘ಇದೇ ರೌಟರ್ 6ರಲ್ಲಿ ಇಂಥ ಚಾನೆಲ್‌ನಲ್ಲೂ ಇದೆ’ ಎಂಬ ಸುಳಿವು ಬರುತ್ತದೆ, ಫೋನ್ ನೇರ ಅಲ್ಲಿಗೆ ಹೋಗುತ್ತದೆ. ಹೆಸರು ಬೇರೆಯಾದರೆ ಐಫೋನಿನಲ್ಲಿ ‘ಸೀಮಿತ ಹೊಂದಾಣಿಕೆ’ ಎಂಬ ಎಚ್ಚರಿಕೆಯೂ ಕಾಣಬಹುದು. ಚಾನೆಲ್ ಕೈಯಾರೆ ಹಾಕುವುದಾದರೆ 5, 21, 37, 53, 69, 85 ಹೀಗೆ 16ರ ಅಂತರದಲ್ಲಿ ಬರುವವನ್ನೇ ಆರಿಸಿ. ಸುಳಿವು ಸಿಗದ ಫೋನುಗಳು ಮೊದಲು ತಡಕುವುದು ಇವನ್ನು.

ಭದ್ರತೆ ಬದಲಿಸಿದ ಮೇಲೆ ಫೋನ್ ಸೇರಲು ತಕರಾರು ಮಾಡಿದರೆ ಆ ನೆಟ್‌ವರ್ಕನ್ನು ‘ಫರ್ಗೆಟ್’ ಮಾಡಿ ಹೊಸದಾಗಿ ಪಾಸ್‌ವರ್ಡ್ ಕೊಡಿ. ಹಳೆಯ ಭದ್ರತೆಯ ನೆನಪಿನಲ್ಲೇ ಅದು ಬಾಗಿಲು ತಟ್ಟುತ್ತಿರಬಹುದು.

ಹಳೆಯ ಫೋನಿಗೆ ಅಪ್‌ಡೇಟ್ ಬಂದರೆ?

ಡಬ್ಲ್ಯುಪಿಎ3ಯಂಥದ್ದು ಅಪ್‌ಡೇಟ್‌ನಲ್ಲಿ ಬರಬಹುದು. 6 ಗಿಗಾಹರ್ಟ್ಸ್ ಬರುವುದಿಲ್ಲ. ಅದಕ್ಕೆ ಬೇಕಾದ ಆಂಟೆನಾ, ಫಿಲ್ಟರ್, ಆಂಪ್ಲಿಫೈಯರ್ ಎಲ್ಲವೂ ಬೋರ್ಡಿನ ಮೇಲೆ ಬೆಸುಗೆಯಾಗಿರಬೇಕು.

ವೈ-ಫೈ 8ಕ್ಕಾಗಿ ಕಾಯಬೇಕೇ ಎನ್ನುವವರಿಗೆ: 802.11ಬಿಎನ್ ಎಂಬ ಆ ಮಾನದಂಡದ ಕೆಲಸ ಮುಗಿಯುವ ಗುರಿ 2028. ಅದರಲ್ಲೂ ಗರಿಷ್ಠ ಚಾನೆಲ್ ಅಗಲ 320 ಮೆಗಾಹರ್ಟ್ಸ್, ಕ್ವಾಮ್ 4096ರದ್ದೇ. ಗುರಿ ಇರುವುದು ದೂರದ ಕೋಣೆಯಲ್ಲೂ ಸಂಪರ್ಕ ಕಡಿಯದಿರುವುದರ ಮೇಲೆ. ಸದ್ಯ ರೌಟರ್ ಕೊಳ್ಳುವವರು ಅಂಕಿಗಿಂತ ಮೊದಲು 6 ಗಿಗಾಹರ್ಟ್ಸ್ ರೇಡಿಯೊ ಇದೆಯೇ, 1 ಗಿಗಾಬಿಟ್ ಮೀರಿದ ಪೋರ್ಟ್ ಇದೆಯೇ ಎಂದು ನೋಡಬೇಕು. ಫೋನ್ ಕೊಳ್ಳುವವರು ನೋಡಬೇಕಾದ್ದು ತಮ್ಮ ದೇಶದಲ್ಲಿ ಮಾರುವ ಮಾದರಿಯ ವಿವರಪಟ್ಟಿಯಲ್ಲಿ 6 ಗಿಗಾಹರ್ಟ್ಸ್ ಮತ್ತು 160 ಮೆಗಾಹರ್ಟ್ಸ್ ಬರೆದಿದೆಯೇ ಎಂಬುದನ್ನು. ಅದೇ ಹೆಸರಿನ ಫೋನ್ ಬೇರೆ ದೇಶದಲ್ಲಿ ಬೇರೆ ರೇಡಿಯೊ ಹೊತ್ತಿರಬಹುದು.